ಸ್ಪ್ರಿಂಗ್, ತೂಕ, ಹರಳೆಣ್ಣೆ: ಮುಕ್ತ ಕಂಪನದಲ್ಲಿ ಡ್ಯಾಂಪಿಂಗ್ ಅಳೆಯುವ ಸಮಗ್ರ ಮಾರ್ಗದರ್ಶಿ

ಸ್ಪ್ರಿಂಗಿಗೆ ತೂಕ ಕಟ್ಟಿ, ಕೆಳಕ್ಕೆ ಎಳೆದು ಬಿಟ್ಟರೆ ಅದು ಮೇಲೆ ಕೆಳಗೆ ಕಂಪಿಸಿ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಒಮ್ಮೆ ಚಾಲನೆ ಪಡೆದ ಮೇಲೆ ಹೊರಗಿನ ಬಲವೊಂದು ಮತ್ತೆ ಮತ್ತೆ ನೂಕದಿರುವ ಇಂತಹ ಚಲನೆಯನ್ನು ಮುಕ್ತ ಕಂಪನ ಎನ್ನುತ್ತಾರೆ. ಈ ಕಂಪನದ ಶಕ್ತಿಯನ್ನು ಆವರ್ತದಿಂದ ಆವರ್ತಕ್ಕೆ ಕಸಿದು ಶಾಖವಾಗಿ ಮಾರ್ಪಡಿಸುವ ಕ್ರಿಯೆಯೇ ಡ್ಯಾಂಪಿಂಗ್ ಅಥವಾ ಅವಮಂದನ. ಎಂಜಿನಿಯರಿಂಗ್ ತರಗತಿಗಳಲ್ಲಿ ಇದರ ಸಮೀಕರಣವನ್ನು ಬಿಡಿಸುವುದು ಎಲ್ಲರಿಗೂ ಅಭ್ಯಾಸವಾಗುತ್ತದೆ. ಆದರೆ ಒಂದು ನೈಜ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು ಅದರಲ್ಲಿರುವ ಡ್ಯಾಂಪಿಂಗ್ ಯಾವ ಬಗೆಯದು, ಎಷ್ಟು ಎಂದು ಹೇಳಬಲ್ಲವರು ಕಡಿಮೆ. ಈ ಮಾರ್ಗದರ್ಶಿಯ ಗುರಿ ಆ ಎರಡನೆಯ ಕೆಲಸ.

ಆರಂಭದಲ್ಲೇ ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಡ್ಯಾಂಪಿಂಗ್ ಹೆಚ್ಚಿದಷ್ಟೂ ಕಂಪನ ನಿಧಾನವಾಗುತ್ತದೆ, ಅಂದರೆ ಒಂದೊಂದು ಆವರ್ತಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಇದು ಗಣಿತದ ದೃಷ್ಟಿಯಿಂದ ಸುಳ್ಳಲ್ಲವಾದರೂ ಪ್ರಮಾಣದ ದೃಷ್ಟಿಯಿಂದ ದಾರಿ ತಪ್ಪಿಸುವ ಮಾತು. ಡ್ಯಾಂಪಿಂಗ್ ಮುಖ್ಯವಾಗಿ ಕುಗ್ಗಿಸುವುದು ಪಾರವನ್ನು, ಅಂದರೆ ಸಮತೋಲನ ಸ್ಥಾನದಿಂದ ಆಗುವ ಗರಿಷ್ಠ ಸ್ಥಾನಪಲ್ಲಟವನ್ನು. ಆವರ್ತಾವಧಿಯ ಮೇಲೆ ಅದರ ಪ್ರಭಾವ ಅತ್ಯಲ್ಪ. ಒಂದೇ ಆವರ್ತದಲ್ಲಿ ಪಾರವು ನಾಲ್ಕನೇ ಒಂದು ಭಾಗಕ್ಕೆ ಕುಸಿಯುವಷ್ಟು ಪ್ರಬಲವಾದ ಡ್ಯಾಂಪಿಂಗ್ ಇದ್ದಾಗಲೂ ಆವರ್ತಾವಧಿ ಹಿಗ್ಗುವುದು ಶೇ 2.4ರಷ್ಟು ಮಾತ್ರ. ಆದ್ದರಿಂದ ಪ್ರಯೋಗದಲ್ಲಿ ಅವಧಿಯು ಗಣನೀಯವಾಗಿ ಹಿಗ್ಗಿದ್ದು ಕಂಡರೆ ಡ್ಯಾಂಪಿಂಗಿನ ಮೇಲೆ ಹೊರೆ ಹೊರಿಸುವ ಮೊದಲು ಬೇರೆ ಕಾರಣವನ್ನು ಹುಡುಕಬೇಕು. ಮುಂದಿನ ಹಂತಗಳಲ್ಲಿ ಆ ಬೇರೆ ಕಾರಣ ನಮಗೆ ಎದುರಾಗಲಿದೆ.

ಅಗತ್ಯವಿರುವಷ್ಟು ಸಿದ್ಧಾಂತ

ವ್ಯವಸ್ಥೆಯಲ್ಲಿ ಮೂರು ಅಂಶಗಳಿವೆ: ರಾಶಿ, ಸ್ಪ್ರಿಂಗ್ ಮತ್ತು ಡ್ಯಾಂಪರ್. ಸ್ಪ್ರಿಂಗಿನ ಬಲವು ಸ್ಥಾನಪಲ್ಲಟಕ್ಕೆ ಅನುಪಾತದಲ್ಲಿರುತ್ತದೆ. ಆ ಅನುಪಾತವೇ ಸ್ಪ್ರಿಂಗ್ ಸ್ಥಿರಾಂಕ. ಡ್ಯಾಂಪರಿನ ಬಲವು ವೇಗಕ್ಕೆ ಅನುಪಾತದಲ್ಲಿದ್ದು ಯಾವಾಗಲೂ ಚಲನೆಗೆ ವಿರುದ್ಧ ದಿಕ್ಕಿನಲ್ಲಿದ್ದರೆ ಅದನ್ನು ಸ್ನಿಗ್ಧ ಡ್ಯಾಂಪಿಂಗ್ ಎಂದೂ, ಆ ಅನುಪಾತವನ್ನು ಡ್ಯಾಂಪಿಂಗ್ ಗುಣಾಂಕ ಎಂದೂ ಕರೆಯುತ್ತೇವೆ. ಡ್ಯಾಂಪಿಂಗ್ ಇಲ್ಲದಿದ್ದರೆ ವ್ಯವಸ್ಥೆ ಎಷ್ಟು ಬೇಗ ಬೇಗ ಕಂಪಿಸುತ್ತದೆ ಎಂಬುದನ್ನು ಸೆಕೆಂಡಿಗೆ ಇಷ್ಟು ರೇಡಿಯನ್ ಎಂದು ಹೇಳುವುದು ಸ್ವಾಭಾವಿಕ ಕೋನೀಯ ಆವೃತ್ತಿ; ಕಂಪನ ಇಲ್ಲವಾಗುವ ಗಡಿಯಲ್ಲಿನ ಡ್ಯಾಂಪಿಂಗ್ ಕ್ರಾಂತಿಕ ಡ್ಯಾಂಪಿಂಗ್. ಲೆಕ್ಕಕ್ಕೆ ಬೇಕಾದ ಸಂಬಂಧಗಳು ಇಷ್ಟೇ:

ಸ್ವಾಭಾವಿಕ ಕೋನೀಯ ಆವೃತ್ತಿ = √(ಸ್ಪ್ರಿಂಗ್ ಸ್ಥಿರಾಂಕ ÷ ರಾಶಿ)

ಕ್ರಾಂತಿಕ ಡ್ಯಾಂಪಿಂಗ್ ಗುಣಾಂಕ = 2 × √(ಸ್ಪ್ರಿಂಗ್ ಸ್ಥಿರಾಂಕ × ರಾಶಿ)

ಡ್ಯಾಂಪಿಂಗ್ ಅನುಪಾತ = ಡ್ಯಾಂಪಿಂಗ್ ಗುಣಾಂಕ ÷ ಕ್ರಾಂತಿಕ ಡ್ಯಾಂಪಿಂಗ್ ಗುಣಾಂಕ

ಡ್ಯಾಂಪಿಂಗ್ ಇದ್ದಾಗಿನ ಕೋನೀಯ ಆವೃತ್ತಿ = ಸ್ವಾಭಾವಿಕ ಕೋನೀಯ ಆವೃತ್ತಿ × √(1 − ಡ್ಯಾಂಪಿಂಗ್ ಅನುಪಾತದ ವರ್ಗ)

ಮೂರನೆಯದೇ ಇಡೀ ವಿಷಯದ ಕೀಲಿ. ಈ ಅನುಪಾತಕ್ಕೆ ಏಕಮಾನವಿಲ್ಲ. ಗಡಿಯಾರದ ಸಣ್ಣ ಭಾಗಕ್ಕೂ ಎತ್ತರದ ಕಟ್ಟಡಕ್ಕೂ ಒಂದೇ ಅಳತೆಗೋಲು. ಅದು 1ಕ್ಕಿಂತ ಕಡಿಮೆಯಿದ್ದರೆ ವಸ್ತು ಕಂಪಿಸುತ್ತಾ ಕುಗ್ಗುತ್ತದೆ. ಸರಿಯಾಗಿ 1 ಆಗಿದ್ದರೆ ಅಥವಾ 1ನ್ನು ಮೀರಿದರೆ ಎಳೆದು ಬಿಟ್ಟ ವಸ್ತುವು ಕಂಪಿಸದೆ ಸಮತೋಲನ ಸ್ಥಾನಕ್ಕೆ ಮರಳುತ್ತದೆ. ನಾಲ್ಕನೆಯ ಸಂಬಂಧದಲ್ಲಿ ಅನುಪಾತದ ವರ್ಗ ಬರುವುದರಿಂದಲೇ ಅವಧಿಯ ಮೇಲಿನ ಪ್ರಭಾವ ಅಷ್ಟು ಚಿಕ್ಕದು: ಅನುಪಾತ 0.1 ಆದರೆ ಅದರ ವರ್ಗ 0.01, ಅವಧಿಯ ಹಿಗ್ಗು ಶೇ 0.5, ಅನುಪಾತ 0.5 ಆದಾಗ ಮಾತ್ರ ಹಿಗ್ಗು ಶೇ 15ನ್ನು ದಾಟುತ್ತದೆ, ಆದರೆ ಆಗ ಪಾರವು ಒಂದೇ ಆವರ್ತದಲ್ಲಿ ಶೇ 3ಕ್ಕಿಂತ ಕೆಳಗಿಳಿದು, ಅವಧಿ ಅಳೆಯಲು ಕಂಪನವೇ ಉಳಿದಿರುವುದಿಲ್ಲ.

ಮೊದಲ ಹಂತ: ಸಲಕರಣೆಯನ್ನು ಕಟ್ಟುವುದು

ಬೇಕಾದುದು ಒಂದು ಭದ್ರವಾದ ಸ್ಟ್ಯಾಂಡ್, ಮೆದುವಾದ ಸುರುಳಿ ಸ್ಪ್ರಿಂಗ್, ತೂಕದ ಬಟ್ಟುಗಳು, ಉಕ್ಕಿನ ಸ್ಕೇಲ್, ತೂಕದ ತಳಕ್ಕೆ ಜೋಡಿಸಿದ ತೆಳುವಾದ ಕಡ್ಡಿ ಮತ್ತು ಕಡ್ಡಿಯ ತುದಿಯಲ್ಲಿ ಅಡ್ಡಲಾಗಿ ಕೂರಿಸಿದ 5 ಸೆಂಟಿಮೀಟರ್ ವ್ಯಾಸದ ಲೋಹದ ಬಿಲ್ಲೆ. ಬಿಲ್ಲೆ ಮುಳುಗುವಂತಹ ಅಗಲವಾದ ಪಾತ್ರೆಯೂ, ಅದಕ್ಕೆ ತುಂಬಲು ನೀರು ಮತ್ತು ಹರಳೆಣ್ಣೆಯೂ ಬೇಕು. ಅಳತೆಗೆ ಮೊಬೈಲ್ ಫೋನಿನ ಕ್ಯಾಮೆರಾ ಸಾಕು.

ಲೆಕ್ಕ ಹಗುರವಾಗಲೆಂದು ಈ ಮಾರ್ಗದರ್ಶಿಯುದ್ದಕ್ಕೂ ಒಂದೇ ಉದಾಹರಣೆಯನ್ನು ಬಳಸುತ್ತೇನೆ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ 50 ನ್ಯೂಟನ್. ಕಡ್ಡಿ, ಬಿಲ್ಲೆಗಳೂ ಸೇರಿ ತೂಗುಹಾಕಿದ ರಾಶಿ 480 ಗ್ರಾಂ. ಸ್ಪ್ರಿಂಗಿನದೇ ರಾಶಿ 60 ಗ್ರಾಂ. ಸ್ಪ್ರಿಂಗಿನ ಮೇಲ್ತುದಿ ಅಲುಗುವುದಿಲ್ಲ, ಕೆಳತುದಿ ಪೂರ್ತಿಯಾಗಿ ಅಲುಗುತ್ತದೆ. ಆದ್ದರಿಂದ ಅದರ ರಾಶಿಯ ಮೂರನೇ ಒಂದು ಭಾಗವನ್ನು ತೂಗುವ ರಾಶಿಗೆ ಕೂಡಿಸುವುದು ಪದ್ಧತಿ. ಹೀಗೆ ಒಟ್ಟು 500 ಗ್ರಾಂ. ಸ್ವಾಭಾವಿಕ ಕೋನೀಯ ಆವೃತ್ತಿ ಸೆಕೆಂಡಿಗೆ 10 ರೇಡಿಯನ್, ಆವರ್ತಾವಧಿ (2 × ಪೈ ÷ ಕೋನೀಯ ಆವೃತ್ತಿ) 0.628 ಸೆಕೆಂಡ್, ಕ್ರಾಂತಿಕ ಡ್ಯಾಂಪಿಂಗ್ ಗುಣಾಂಕ 10 ನ್ಯೂಟನ್-ಸೆಕೆಂಡ್ ಪ್ರತಿ ಮೀಟರಿಗೆ.

ಕಟ್ಟುವಾಗ ಎರಡು ವಿಷಯಗಳನ್ನು ಗಮನಿಸಬೇಕು. ಸ್ಟ್ಯಾಂಡ್ ಅಲುಗಾಡಿದರೆ ಕಂಪನದ ಶಕ್ತಿ ಅದರ ಮೂಲಕ ಮೇಜಿಗೆ ಸೋರಿಹೋಗುತ್ತದೆ. ಅಳತೆಯಲ್ಲಿ ಅದು ಡ್ಯಾಂಪಿಂಗಿನ ವೇಷದಲ್ಲೇ ಕಾಣಿಸಿಕೊಳ್ಳುತ್ತದೆ. ಸ್ಟ್ಯಾಂಡಿನ ತಳಕ್ಕೆ ಭಾರ ಹೇರಿ ಒಮ್ಮೆ, ಹೇರದೆ ಒಮ್ಮೆ ಅಳೆದು ನೋಡಿದರೆ ಸೋರಿಕೆ ಎಷ್ಟೆಂದು ತಿಳಿಯುತ್ತದೆ. ಎರಡನೆಯದು ಅಷ್ಟಾಗಿ ಯಾರೂ ಹೇಳಿಕೊಡದ ವಿಷಯ. ತೂಗುಹಾಕಿದ ತೂಕವು ಮೇಲೆ ಕೆಳಗೆ ಕಂಪಿಸುವುದರ ಜೊತೆಗೆ ಲೋಲಕದಂತೆ ಅಕ್ಕಪಕ್ಕಕ್ಕೂ ತೂಗಬಲ್ಲದು. ಲಂಬ ಕಂಪನದ ಆವೃತ್ತಿಯು ತೂಗಾಟದ ಆವೃತ್ತಿಯ ಎರಡರಷ್ಟಾದರೆ ಶಕ್ತಿಯು ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ಜಾರಿ, ಲಂಬ ಕಂಪನ ಸತ್ತಂತೆ ಕಂಡು ಮತ್ತೆ ಜೀವ ತಳೆಯುತ್ತದೆ. ಕೊಕ್ಕೆಯಿಂದ ತೂಕದ ಕೇಂದ್ರದವರೆಗಿನ ಉದ್ದವು, ಆ ತೂಕದಿಂದ ಸ್ಪ್ರಿಂಗ್ ಹಿಗ್ಗುವ ಪ್ರಮಾಣದ ನಾಲ್ಕರಷ್ಟಿದ್ದಾಗ ಹೀಗಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಹಿಗ್ಗು ಸುಮಾರು 9.8 ಸೆಂಟಿಮೀಟರ್, ಹಾಗಾಗಿ ಒಟ್ಟು ಉದ್ದ 39 ಸೆಂಟಿಮೀಟರಿನ ಆಸುಪಾಸಿನಲ್ಲಿ ಇರಕೂಡದು. ಇದ್ದರೆ ದಾರದ ತುಂಡೊಂದನ್ನು ಸೇರಿಸಿ ಉದ್ದವನ್ನು ಬದಲಿಸಿಕೊಳ್ಳಬೇಕು.

ಎರಡನೆಯ ಹಂತ: ಸ್ಪ್ರಿಂಗ್ ಸ್ಥಿರಾಂಕ

50 ಗ್ರಾಂಗಳಂತೆ ತೂಕ ಏರಿಸುತ್ತಾ ಪ್ರತಿಸಲವೂ ಸ್ಕೇಲಿನ ಮೇಲಿನ ಸ್ಥಾನವನ್ನು ಬರೆದುಕೊಂಡು, ಬಲ ಮತ್ತು ಹಿಗ್ಗುಗಳ ನಕ್ಷೆ ಬರೆಯಬೇಕು. ಬಿಗಿಯಾಗಿ ಸುತ್ತಿದ ಸ್ಪ್ರಿಂಗುಗಳಲ್ಲಿ ಆರಂಭಿಕ ಎಳೆತವಿರುವುದರಿಂದ ರೇಖೆಯು ಶೂನ್ಯದ ಮೂಲಕ ಹಾದುಹೋಗದಿರಬಹುದು. ಆದ್ದರಿಂದ ಒಂದೇ ತೂಕಕ್ಕೆ ಭಾಗಿಸಿ ಉತ್ತರ ಪಡೆಯದೆ ರೇಖೆಯ ಇಳಿಜಾರನ್ನೇ ಸ್ಥಿರಾಂಕವೆಂದು ತೆಗೆದುಕೊಳ್ಳಬೇಕು. ಬಳಿಕ ಗಾಳಿಯಲ್ಲಿ 20 ಆವರ್ತಗಳ ಸಮಯವನ್ನು ಅಳೆದು ಅವಧಿಯಿಂದಲೂ ಸ್ಥಿರಾಂಕವನ್ನು ಲೆಕ್ಕ ಹಾಕಿ, ಎರಡು ಉತ್ತರಗಳು ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಮೂರನೆಯ ಹಂತ: ಬಿಡುಗಡೆ ಮತ್ತು ದಾಖಲೆ

ತೂಕವನ್ನು ಕೈಯಿಂದ ಎಳೆದು ಬಿಟ್ಟರೆ ಬೆರಳಿನ ನೂಕು ಅಡ್ಡ ದಿಕ್ಕಿನಲ್ಲೂ ಸೇರಿಕೊಳ್ಳುತ್ತದೆ. ತೂಕದಿಂದ ಕೆಳಕ್ಕೆ ನೂಲೊಂದನ್ನು ಕಟ್ಟಿ, ಬೇಕಾದಷ್ಟು ಎಳೆದು ಗಂಟು ಹಾಕಿ, ವ್ಯವಸ್ಥೆ ಪೂರ್ತಿಯಾಗಿ ಶಾಂತವಾದ ಮೇಲೆ ನೂಲನ್ನು ಕತ್ತರಿಸುವುದು ಒಳ್ಳೆಯ ಉಪಾಯ. ಎಳೆತವು 40 ಮಿಲಿಮೀಟರ್ ಇದ್ದರೆ ಸಾಕು. ಯಾವ ಕಾರಣಕ್ಕೂ ಅದು 98 ಮಿಲಿಮೀಟರನ್ನು ಮೀರಬಾರದು, ಏಕೆಂದರೆ ಆಗ ಮೇಲ್ತುದಿಯಲ್ಲಿ ಸ್ಪ್ರಿಂಗ್ ಸಡಿಲವಾಗಿ ಲೆಕ್ಕಾಚಾರದ ಆಧಾರವೇ ಕುಸಿಯುತ್ತದೆ.

ಸ್ಕೇಲನ್ನು ತೂಕದ ಹಿಂದೆ ಆದಷ್ಟು ಹತ್ತಿರದಲ್ಲಿ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾವನ್ನು ಸಮತೋಲನ ಸ್ಥಾನದ ಎತ್ತರದಲ್ಲೇ ಇರಿಸಿ, ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ವಿಡಿಯೊ ತೆಗೆದರೆ ಒಂದು ಆವರ್ತಕ್ಕೆ ಸುಮಾರು 38 ಚಿತ್ರಗಳು ಸಿಗುತ್ತವೆ. ನಿಧಾನಗತಿಯ ಸೌಲಭ್ಯವಿದ್ದರೆ ಇನ್ನೂ ಉತ್ತಮ. ಕ್ಯಾಮೆರಾ ಬೇಡವೆಂದಾದರೆ ಫೋನನ್ನೇ ತೂಕದ ಭಾಗವಾಗಿ ಕಟ್ಟಿ, ಅದರೊಳಗಿನ ವೇಗೋತ್ಕರ್ಷ ಸಂವೇದಕದಿಂದ ದಾಖಲಿಸಬಹುದು. ಜರ್ಮನಿಯ ಆಚೆನ್ ತಾಂತ್ರಿಕ ವಿಶ್ವವಿದ್ಯಾಲಯವು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸ್ನಿಗ್ಧ ಡ್ಯಾಂಪಿಂಗಿನಲ್ಲಿ ವೇಗೋತ್ಕರ್ಷದ ಶಿಖರಗಳು ಸ್ಥಾನಪಲ್ಲಟದ ಶಿಖರಗಳು ಕುಗ್ಗುವ ಪ್ರಮಾಣದಲ್ಲೇ ಕುಗ್ಗುವುದರಿಂದ ಅನುಪಾತದ ಲೆಕ್ಕಕ್ಕೆ ಯಾವುದಾದರೂ ಆದೀತು.

ಪಾರವನ್ನು ಓದುವಾಗ ಸಮತೋಲನ ರೇಖೆಯಿಂದ ಶಿಖರದವರೆಗೆ ಅಳೆಯುವುದಕ್ಕಿಂತ, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಪೂರ್ಣ ಅಂತರವನ್ನು ಅಳೆಯುವುದು ಮೇಲು. ಸಮತೋಲನ ರೇಖೆಯನ್ನು ಒಂದು ಮಿಲಿಮೀಟರ್ ತಪ್ಪಾಗಿ ಗುರುತಿಸಿದರೂ ಪೂರ್ಣ ಅಂತರಕ್ಕೆ ಅದರ ಸೋಂಕು ತಗಲುವುದಿಲ್ಲ. ಬಿಲ್ಲೆ ದ್ರವದಲ್ಲಿ ಮುಳುಗಿರುವಾಗ ಇದು ಇನ್ನೂ ಮುಖ್ಯ, ಏಕೆಂದರೆ ತೇಲುಬಲದಿಂದಾಗಿ ಸಮತೋಲನ ಸ್ಥಾನವೇ ಸ್ವಲ್ಪ ಮೇಲಕ್ಕೆ ಸರಿದಿರುತ್ತದೆ. ಹಲವು ಆವರ್ತಗಳು ಸಿಗುವ ಕಂಪನದಲ್ಲಿ, ಬಿಡುಗಡೆಯಾದ ಕೂಡಲೇ ಬರುವ ಮೊದಲ ಒಂದೆರಡು ಆವರ್ತಗಳನ್ನು ಲೆಕ್ಕಕ್ಕೆ ಹಿಡಿಯಬಾರದು.

ನಾಲ್ಕನೆಯ ಹಂತ: ಲಾಗರಿದಮಿಕ್ ಡಿಕ್ರಿಮೆಂಟ್

ಸ್ನಿಗ್ಧ ಡ್ಯಾಂಪಿಂಗಿನಲ್ಲಿ ಒಂದು ಶಿಖರಕ್ಕೂ ಅದರ ಮುಂದಿನ ಶಿಖರಕ್ಕೂ ಇರುವ ಅನುಪಾತವು ಆರಂಭದಿಂದ ಕೊನೆಯವರೆಗೂ ಒಂದೇ ಆಗಿರುತ್ತದೆ. ಆ ಅನುಪಾತದ ಸ್ವಾಭಾವಿಕ ಲಘುಗಣಕವೇ ಲಾಗರಿದಮಿಕ್ ಡಿಕ್ರಿಮೆಂಟ್. ಒಂದೇ ಆವರ್ತದಿಂದ ಇದನ್ನು ಪಡೆಯಲು ಹೋದರೆ ಓದಿನ ದೋಷ ಎದ್ದು ಕಾಣುತ್ತದೆ. ಹಲವು ಆವರ್ತಗಳ ಅಂತರದಲ್ಲಿ ಪಡೆದು ಭಾಗಿಸಬೇಕು:

ಡಿಕ್ರಿಮೆಂಟ್ = (1 ÷ ಆವರ್ತಗಳ ಸಂಖ್ಯೆ) × ಲಘುಗಣಕ (ಮೊದಲ ಪಾರ ÷ ಕೊನೆಯ ಪಾರ)

ಡ್ಯಾಂಪಿಂಗ್ ಅನುಪಾತ = ಡಿಕ್ರಿಮೆಂಟ್ ÷ √(4 × ಪೈ ವರ್ಗ + ಡಿಕ್ರಿಮೆಂಟ್ ವರ್ಗ)

ಗಾಳಿಯಲ್ಲಿ 40 ಮಿಲಿಮೀಟರ್ ಪಾರವು 10 ಆವರ್ತಗಳ ನಂತರ 20ಕ್ಕೆ ಇಳಿಯಿತು ಎನ್ನೋಣ. 2ರ ಸ್ವಾಭಾವಿಕ ಲಘುಗಣಕ 0.693, ಡಿಕ್ರಿಮೆಂಟ್ 0.0693, ಡ್ಯಾಂಪಿಂಗ್ ಅನುಪಾತ 0.011. ಇಷ್ಟು ಸಣ್ಣ ಮೌಲ್ಯಗಳಿಗೆ ಡಿಕ್ರಿಮೆಂಟನ್ನು ನೇರವಾಗಿ 6.283ರಿಂದ (2 × ಪೈ) ಭಾಗಿಸಿದರೂ ಅದೇ ಉತ್ತರ ಬರುತ್ತದೆ. ಡ್ಯಾಂಪಿಂಗ್ ಗುಣಾಂಕ 0.11 ನ್ಯೂಟನ್-ಸೆಕೆಂಡ್ ಪ್ರತಿ ಮೀಟರಿಗೆ. ಶಕ್ತಿಯು ಪಾರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಪ್ರತಿ ಆವರ್ತದಲ್ಲೂ ಸುಮಾರು ಶೇ 13ರಷ್ಟು ಶಕ್ತಿ ನಷ್ಟವಾಗುತ್ತಿದೆ. ಆವರ್ತಾವಧಿಯ ಹಿಗ್ಗು ಮಾತ್ರ ಶೇ 0.006, ಯಾವ ಫೋನಿನ ಕ್ಯಾಮೆರಾಕ್ಕೂ ಅದು ಸಿಕ್ಕುವಂಥದ್ದಲ್ಲ.

ಎಷ್ಟು ಆವರ್ತಗಳವರೆಗೆ ಹೋಗಬೇಕು? ಪಾರವು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುವವರೆಗೆ ಹೋಗುವುದು ಉಚಿತ. ಅದಕ್ಕಿಂತ ಮೊದಲು ನಿಲ್ಲಿಸಿದರೆ ಇಳಿಕೆ ಚಿಕ್ಕದಾಗಿ ದೋಷ ದೊಡ್ಡದಾಗುತ್ತದೆ. ಬಹಳ ಮುಂದೆ ಹೋದರೆ ಕೊನೆಯ ಪಾರವು ಒಂದೆರಡು ಮಿಲಿಮೀಟರಿಗಿಳಿದು, ಅದರಲ್ಲಿ ಅರ್ಧ ಮಿಲಿಮೀಟರ್ ಓದಿನ ದೋಷವೂ ಭಾರಿಯಾಗುತ್ತದೆ.

ಐದನೆಯ ಹಂತ: ಡ್ಯಾಂಪಿಂಗಿನ ಬಗೆಯನ್ನು ಗುರುತಿಸುವುದು

ಇಡೀ ಪ್ರಯೋಗದಲ್ಲಿ ಅತ್ಯಂತ ಹೆಚ್ಚು ಕಲಿಸುವ ಹಂತ ಇದು; ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಇದೇ. ಮೇಲಿನ ಸೂತ್ರಕ್ಕೆ ಯಾವ ಎರಡು ಪಾರಗಳನ್ನು ಕೊಟ್ಟರೂ ಅದು ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ, ಡ್ಯಾಂಪಿಂಗ್ ಸ್ನಿಗ್ಧ ಬಗೆಯದಾಗಿರಲಿ, ಇಲ್ಲದಿರಲಿ. ಸಂಖ್ಯೆ ಬಂತೆಂದು ನಂಬುವ ಮುನ್ನ ಪಾರಗಳ ಪಟ್ಟಿಯನ್ನು ಮೂರು ಬಗೆಯಲ್ಲಿ ನಕ್ಷೆಗೆ ಇಳಿಸಬೇಕು. ಅಡ್ಡ ಅಕ್ಷದಲ್ಲಿ ಯಾವಾಗಲೂ ಆವರ್ತದ ಕ್ರಮಸಂಖ್ಯೆ ಇರುತ್ತದೆ. ಲಂಬ ಅಕ್ಷದಲ್ಲಿ ಮೊದಲು ಪಾರದ ಲಘುಗಣಕ, ನಂತರ ಪಾರ, ಕೊನೆಗೆ ಪಾರದ ವಿಲೋಮ, ಅಂದರೆ 1ನ್ನು ಪಾರದಿಂದ ಭಾಗಿಸಿ ಬಂದದ್ದು. ಮೂರರಲ್ಲಿ ಯಾವುದು ಸರಳರೇಖೆಯಾಗಿ ಬರುತ್ತದೆಯೋ ಅದು ಡ್ಯಾಂಪಿಂಗಿನ ಬಗೆಯನ್ನು ಹೇಳುತ್ತದೆ.

ಲಘುಗಣಕದ ನಕ್ಷೆ ಸರಳರೇಖೆಯಾದರೆ ಡ್ಯಾಂಪಿಂಗ್ ಸ್ನಿಗ್ಧ. ರೇಖೆಯ ಇಳಿಜಾರೇ ಡಿಕ್ರಿಮೆಂಟ್, ಮತ್ತು ಎರಡೇ ಪಾರಗಳಿಂದ ಪಡೆದ ಮೌಲ್ಯಕ್ಕಿಂತ ಇದು ಹೆಚ್ಚು ವಿಶ್ವಾಸಾರ್ಹ.

ಪಾರದ ನಕ್ಷೆಯೇ ಸರಳರೇಖೆಯಾದರೆ ಅದು ಒಣ ಘರ್ಷಣೆ. ಇದರ ನಿಯಮಗಳನ್ನು 1780ರ ದಶಕದಲ್ಲಿ ಪ್ರಯೋಗಗಳಿಂದ ನೆಲೆಗೊಳಿಸಿದವನು ಫ್ರಾನ್ಸಿನ ಎಂಜಿನಿಯರ್ ಕೂಲಂಬ್; ವಿದ್ಯುದಾವೇಶಗಳ ನಿಯಮದಿಂದ ನಮಗೆ ಪರಿಚಿತನಾದವನೇ ಈತ. ಘರ್ಷಣೆಯ ಬಲವು ವೇಗ ಎಷ್ಟೇ ಇದ್ದರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪ್ರತಿ ಆವರ್ತದಲ್ಲೂ ಪಾರವು ಒಂದೇ ಮೊತ್ತದಷ್ಟು, ಅಂದರೆ ಘರ್ಷಣಾ ಬಲದ ನಾಲ್ಕರಷ್ಟನ್ನು ಸ್ಪ್ರಿಂಗ್ ಸ್ಥಿರಾಂಕದಿಂದ ಭಾಗಿಸಿದಷ್ಟು ಕುಗ್ಗುತ್ತದೆ. ನಮ್ಮ ಸ್ಪ್ರಿಂಗಿನಲ್ಲಿ ಕೇವಲ 0.05 ನ್ಯೂಟನ್ ಘರ್ಷಣೆಯಿದ್ದರೂ ಆವರ್ತಕ್ಕೆ 4 ಮಿಲಿಮೀಟರ್ ನಷ್ಟ. 40 ಮಿಲಿಮೀಟರಿನಿಂದ ಆರಂಭಿಸಿದ ಕಂಪನ 10 ಆವರ್ತಗಳಲ್ಲಿ ನಿಂತೇಬಿಡುತ್ತದೆ. ಸ್ನಿಗ್ಧ ಡ್ಯಾಂಪಿಂಗಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಸ್ನಿಗ್ಧ ಡ್ಯಾಂಪಿಂಗಿನಲ್ಲಿ ಕಂಪನವು ಗಣಿತದ ಪ್ರಕಾರ ಎಂದಿಗೂ ಪೂರ್ತಿಯಾಗಿ ನಿಲ್ಲುವುದಿಲ್ಲ, ಆದರೆ ಸಮತೋಲನ ಸ್ಥಾನದತ್ತಲೇ ಸಾಗುತ್ತಿರುತ್ತದೆ. ಒಣ ಘರ್ಷಣೆಯಲ್ಲಿ ಅದು ಖಚಿತವಾಗಿ ನಿಲ್ಲುತ್ತದೆ, ಆದರೆ ಸಮತೋಲನ ಸ್ಥಾನದಲ್ಲೇ ನಿಲ್ಲಬೇಕೆಂಬ ನಿಯಮವಿಲ್ಲ. ನಮ್ಮ ಉದಾಹರಣೆಯಲ್ಲಿ ಮಧ್ಯಬಿಂದುವಿನ ಎರಡೂ ಬದಿಗೆ ಒಂದೊಂದು ಮಿಲಿಮೀಟರಿನೊಳಗೆ ಅದು ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳಬಹುದು. ಅಳತೆಯ ಉಪಕರಣಗಳ ಮುಳ್ಳು ಪ್ರತಿಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲುವುದಕ್ಕೆ ಇದೇ ಕಾರಣ. ಇನ್ನೊಂದು ಗುರುತೂ ಇದೆ: ಒಣ ಘರ್ಷಣೆ ಆವರ್ತಾವಧಿಯನ್ನು ಕಿಂಚಿತ್ತೂ ಬದಲಿಸುವುದಿಲ್ಲ. ತೂಗುಹಾಕಿದ ನಮ್ಮ ಸಲಕರಣೆಯಲ್ಲಿ ಈ ಬಗೆ ಕಂಡರೆ ಕಡ್ಡಿಯು ಎಲ್ಲೋ ಪಾತ್ರೆಯ ಅಂಚಿಗೆ ಉಜ್ಜುತ್ತಿದೆ ಎಂದೇ ಅರ್ಥ.

ವಿಲೋಮದ ನಕ್ಷೆ ಸರಳರೇಖೆಯಾದರೆ ಪ್ರತಿರೋಧವು ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ದ್ರವ ಅಥವಾ ಗಾಳಿಯು ಬಿಲ್ಲೆಯ ಹಿಂದೆ ಸುಳಿಗಳಾಗಿ ಒಡೆಯುವಾಗ ಹೀಗಾಗುತ್ತದೆ. ಇಲ್ಲಿ ದೊಡ್ಡ ಪಾರಗಳು ಬೇಗ ಕುಗ್ಗುತ್ತವೆ, ಸಣ್ಣ ಪಾರಗಳು ಬಹುಕಾಲ ಉಳಿಯುತ್ತವೆ. ಆದ್ದರಿಂದ ಡ್ಯಾಂಪಿಂಗ್ ಅನುಪಾತ ಎಂಬ ಒಂದೇ ಸಂಖ್ಯೆ ಇಲ್ಲವೇ ಇಲ್ಲ, ಅದು ಪಾರಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ವಾಸ್ತವದಲ್ಲಿ ಒಂದೇ ದಾಖಲೆಯಲ್ಲಿ ಆರಂಭದ ಭಾಗ ಒಂದು ಬಗೆಯಾಗಿ, ಕೊನೆಯ ಭಾಗ ಇನ್ನೊಂದು ಬಗೆಯಾಗಿ ಕಾಣುವುದು ಸಾಮಾನ್ಯ. ಆಗ ಇಡೀ ದಾಖಲೆಗೆ ಒಂದೇ ರೇಖೆಯನ್ನು ಬಲವಂತವಾಗಿ ಎಳೆಯಬಾರದು.

ಆರನೆಯ ಹಂತ: ನೀರಿನಲ್ಲಿ ಮುಳುಗಿಸಿ ನೋಡುವುದು

ಬಿಲ್ಲೆಯನ್ನು ನೀರಿನಲ್ಲಿ, ಮೇಲ್ಮೈಯಿಂದಲೂ ತಳದಿಂದಲೂ ಸಾಕಷ್ಟು ದೂರದಲ್ಲಿ ಮುಳುಗಿಸಿ ಪ್ರಯೋಗವನ್ನು ಪುನರಾವರ್ತಿಸಿದರೆ ಕಂಪನ ಗಾಳಿಯಲ್ಲಿದ್ದುದಕ್ಕಿಂತ ಬಹಳ ಬೇಗ ಕುಗ್ಗುತ್ತದೆ. ನೀರು ದ್ರವವಾದ್ದರಿಂದ ಇದು ಸ್ನಿಗ್ಧ ಡ್ಯಾಂಪಿಂಗ್ ಎಂದು ಭಾವಿಸುವುದು ಸಹಜ, ಆದರೆ ಅದು ತಪ್ಪು. 40 ಮಿಲಿಮೀಟರ್ ಪಾರದಲ್ಲಿ ಬಿಲ್ಲೆಯ ಗರಿಷ್ಠ ವೇಗ ಸೆಕೆಂಡಿಗೆ 0.4 ಮೀಟರ್, 5 ಸೆಂಟಿಮೀಟರ್ ವ್ಯಾಸಕ್ಕೆ ರೆನಾಲ್ಡ್ಸ್ ಸಂಖ್ಯೆ (ದ್ರವದ ಜಡತ್ವವು ಅದರ ಸ್ನಿಗ್ಧತೆಗಿಂತ, ಅಂದರೆ ಹರಿವಿಗೆ ಅದು ಒಡ್ಡುವ ಒಳ ಪ್ರತಿರೋಧಕ್ಕಿಂತ, ಎಷ್ಟು ಪ್ರಬಲ ಎಂದು ಹೇಳುವ ಸಂಖ್ಯೆ) ಸುಮಾರು 20,000 ಆಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಪ್ರತಿರೋಧವನ್ನು ನಿರ್ಧರಿಸುವುದು ನೀರಿನ ಸ್ನಿಗ್ಧತೆಯಲ್ಲ, ಅದರ ಸಾಂದ್ರತೆ. ಹಿಂದಿನ ಹಂತದ ವಿಲೋಮ ನಕ್ಷೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಈ ಹಂತದಲ್ಲಿ ಆವರ್ತಾವಧಿಯನ್ನು ಎಚ್ಚರಿಕೆಯಿಂದ ಅಳೆದರೆ ಅದು ಶೇ 4ರಷ್ಟು ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಹಿಗ್ಗಿರುವುದು ಕಾಣುತ್ತದೆ. ಡ್ಯಾಂಪಿಂಗ್ ಅವಧಿಯನ್ನು ಹಿಗ್ಗಿಸಿತು ಎಂದು ಬರೆದು ಮುಗಿಸುವ ಆಸೆ ಹುಟ್ಟುವುದು ಇಲ್ಲಿಯೇ. ಲೆಕ್ಕ ಹಾಕಿ ನೋಡೋಣ: ಡ್ಯಾಂಪಿಂಗ್ ಅನುಪಾತ 0.1ರಷ್ಟು ಇದೆ ಎಂದು ಧಾರಾಳವಾಗಿ ಒಪ್ಪಿದರೂ ಅದರಿಂದಾಗುವ ಹಿಗ್ಗು ಶೇ 0.5 ಮಾತ್ರ. ಉಳಿದದ್ದು ಎಲ್ಲಿಂದ ಬಂತು? ಬಿಲ್ಲೆ ಚಲಿಸುವಾಗ ತನ್ನ ಅಕ್ಕಪಕ್ಕದ ನೀರನ್ನೂ ಹಿಂದಕ್ಕೆ ಮುಂದಕ್ಕೆ ಒಯ್ಯಬೇಕಾಗುತ್ತದೆ. ಆ ನೀರಿನ ಜಡತ್ವವು ತೂಕಕ್ಕೆ ಹೆಚ್ಚುವರಿ ರಾಶಿಯಾಗಿ ಸೇರುತ್ತದೆ. ಅಗಲಮುಖವಾಗಿ ಚಲಿಸುವ ತೆಳು ಬಿಲ್ಲೆಗೆ ಈ ರಾಶಿಯು ದ್ರವದ ಸಾಂದ್ರತೆಯನ್ನು ತ್ರಿಜ್ಯದ ಘನದಿಂದಲೂ ಮೂರನೇ ಎಂಟರಿಂದಲೂ (8 ÷ 3) ಗುಣಿಸಿದಷ್ಟು. ನಮ್ಮ ಬಿಲ್ಲೆಗೆ ಅದು 42 ಗ್ರಾಂ. 500 ಗ್ರಾಂ ಇದ್ದ ರಾಶಿ 542 ಆಗುತ್ತದೆ, ಅವಧಿ ಶೇ 4.1ರಷ್ಟು ಹಿಗ್ಗುತ್ತದೆ. ಪಾತ್ರೆ ಕಿರಿದಾದರೆ ಇನ್ನೂ ಹೆಚ್ಚು. ಅಂದರೆ ನೀರು ಎರಡು ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದೆ: ಶಕ್ತಿಯನ್ನು ಕಸಿಯುವುದು ಮತ್ತು ರಾಶಿಯನ್ನು ಕೂಡಿಸುವುದು. ಅವಧಿಯ ಬದಲಾವಣೆಗೆ ಹೊಣೆ ಎರಡನೆಯದು. ಬಿಲ್ಲೆಯನ್ನು ಕಳಚಿ ಬರಿಯ ಕಡ್ಡಿಯನ್ನು, ಬಿಲ್ಲೆಯಷ್ಟೇ ರಾಶಿಯನ್ನು ಮೇಲೆ ಸೇರಿಸಿ, ಮುಳುಗಿಸಿ ಅಳೆದರೆ ಅವಧಿ ಬಹುತೇಕ ಮೊದಲಿನಂತೆ ಮರಳುವುದನ್ನು ಕಾಣಬಹುದು.

ಏಳನೆಯ ಹಂತ: ಹರಳೆಣ್ಣೆ

ನಿಜವಾದ ಸ್ನಿಗ್ಧ ಡ್ಯಾಂಪಿಂಗಿಗೆ ಗಟ್ಟಿಯಾದ ದ್ರವ ಬೇಕು. ಹರಳೆಣ್ಣೆಯ ಸ್ನಿಗ್ಧತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸುಮಾರು ಸಾವಿರದಷ್ಟಿದೆ. 10 ಮಿಲಿಮೀಟರ್ ಪಾರದಲ್ಲಿ ರೆನಾಲ್ಡ್ಸ್ ಸಂಖ್ಯೆ ಹತ್ತರೊಳಗೇ ಉಳಿದು, ಲಘುಗಣಕದ ನಕ್ಷೆ ಸರಳರೇಖೆಗೆ ತೀರ ಹತ್ತಿರವಾಗುತ್ತದೆ. ಆದರೆ ಈ ಎಣ್ಣೆಯ ಸ್ನಿಗ್ಧತೆ ತಾಪಮಾನಕ್ಕೆ ಬಹಳ ಸೂಕ್ಷ್ಮ. 20 ಡಿಗ್ರಿಯಿಂದ 30ಕ್ಕೆ ಏರುವಷ್ಟರಲ್ಲಿ ಅರ್ಧದಷ್ಟಕ್ಕೆ ಇಳಿಯುತ್ತದೆ. ಬೆಳಿಗ್ಗೆ ತಣ್ಣನೆಯ ಪ್ರಯೋಗಾಲಯದಲ್ಲಿ ಪಡೆದ ಮೌಲ್ಯವನ್ನು ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ಮೌಲ್ಯದೊಂದಿಗೆ ಹೋಲಿಸಲಾಗದು. ಪ್ರತಿ ದಾಖಲೆಯ ಪಕ್ಕದಲ್ಲೂ ಎಣ್ಣೆಯ ತಾಪಮಾನವನ್ನು ಬರೆದಿಡಬೇಕು.

ಅಗಲ ಪಾತ್ರೆಯಲ್ಲಿ ಡ್ಯಾಂಪಿಂಗ್ ಅನುಪಾತ ಇನ್ನೂ ಚಿಕ್ಕದೇ ಇರುತ್ತದೆ. ಅದನ್ನು ಏರಿಸಲು ಪಾತ್ರೆಯನ್ನು ಕಿರಿದಾಗಿಸುತ್ತಾ ಹೋಗಬೇಕು. ಬಿಲ್ಲೆಯ ಅಂಚಿಗೂ ಗೋಡೆಗೂ ನಡುವಿನ ಸಂದು ಕಿರಿದಾದಷ್ಟೂ ಎಣ್ಣೆ ಆ ಸಂದಿನಲ್ಲಿ ನುಗ್ಗಿ ಹೋಗಬೇಕಾಗಿ ಪ್ರತಿರೋಧ ತೀವ್ರವಾಗಿ ಏರುತ್ತದೆ. ವಾಹನಗಳ ಶಾಕ್ ಅಬ್ಸಾರ್ಬರಿನ ಪಿಸ್ಟನ್ನಿನಲ್ಲಿರುವ ಸಣ್ಣ ರಂಧ್ರಗಳು ಮಾಡುವ ಕೆಲಸವೂ ಇದೇ.

ಒಂದು ಆವರ್ತದಲ್ಲಿ ಪಾರವು 40ರಿಂದ 10 ಮಿಲಿಮೀಟರಿಗೆ ಇಳಿಯುವ ಸ್ಥಿತಿ ತಲುಪಿದಾಗ ಡಿಕ್ರಿಮೆಂಟ್ 1.386, ಡ್ಯಾಂಪಿಂಗ್ ಅನುಪಾತ 0.215. ಇಲ್ಲಿ 6.283ರಿಂದ ಭಾಗಿಸುವ ಸುಲಭ ದಾರಿ ಹಿಡಿದರೆ 0.221 ಬರುತ್ತದೆ, ಆದ್ದರಿಂದ ಪೂರ್ಣ ಸೂತ್ರವನ್ನೇ ಬಳಸಬೇಕು. ಇದಕ್ಕೂ ಮುಂದೆ ಎಣಿಸಲು ಆವರ್ತಗಳೇ ಸಿಗುವುದಿಲ್ಲ. ಆಗ ಎಳೆದ ದೂರವನ್ನು, ಸಮತೋಲನ ಸ್ಥಾನವನ್ನು ದಾಟಿ ಆಚೆ ಬದಿಗೆ ಅದು ಮೊದಲ ಸಲ ಹೋಗುವ ದೂರದೊಂದಿಗೆ ಹೋಲಿಸಿದರೆ ಸಾಕು. ಅನುಪಾತ 0.2 ಇದ್ದರೆ ಎಳೆದ ದೂರದ ಶೇ 53ರಷ್ಟು ಆಚೆಗೆ ಹೋಗುತ್ತದೆ, 0.3ಕ್ಕೆ ಶೇ 37, 0.5ಕ್ಕೆ ಶೇ 16; 0.7ಕ್ಕೆ ಶೇ 5ಕ್ಕಿಂತ ಸ್ವಲ್ಪ ಕಡಿಮೆ. ಅರ್ಧ ಆವರ್ತದ ಈ ಲೆಕ್ಕದಲ್ಲಿ ಸಮತೋಲನ ರೇಖೆ ನಿಖರವಾಗಿರಬೇಕು.

ಎಂಟನೆಯ ಹಂತ: ಕ್ರಾಂತಿಕ ಡ್ಯಾಂಪಿಂಗ್ ಮತ್ತು ಅದರಾಚೆ

ಸಂದನ್ನು ಇನ್ನಷ್ಟು ಕಿರಿದಾಗಿಸಿದರೆ ತೂಕವು ಆಚೆ ಬದಿಗೆ ದಾಟದೆಯೇ ಸಮತೋಲನ ಸ್ಥಾನಕ್ಕೆ ಬಂದು ಸೇರುತ್ತದೆ. ದಾಟುವುದು ಮೊದಲು ನಿಲ್ಲುವ ಈ ಗಡಿಯೇ ಕ್ರಾಂತಿಕ ಡ್ಯಾಂಪಿಂಗ್. ಇಲ್ಲಿಂದ ಮುಂದೆ ಡ್ಯಾಂಪಿಂಗ್ ಏರಿಸಿದಷ್ಟೂ ವ್ಯವಸ್ಥೆ ಬೇಗ ಶಾಂತವಾಗುತ್ತದೆ ಎಂಬ ನಿರೀಕ್ಷೆ ತಲೆಕೆಳಗಾಗುತ್ತದೆ. ಎಳೆದ ದೂರದ ಶೇ 5ರೊಳಗೆ ಬಂದು ಅಲ್ಲೇ ಉಳಿಯಲು ನಮ್ಮ ಉದಾಹರಣೆಯ ವ್ಯವಸ್ಥೆಗೆ ಬೇಕಾಗುವ ಸಮಯವನ್ನು ಲೆಕ್ಕ ಹಾಕಿದರೆ, ಡ್ಯಾಂಪಿಂಗ್ ಅನುಪಾತ 0.7 ಇದ್ದಾಗ 0.29 ಸೆಕೆಂಡ್, 1 ಇದ್ದಾಗ 0.47 ಸೆಕೆಂಡ್, 2 ಇದ್ದಾಗ 1.15 ಸೆಕೆಂಡ್. ಅತಿ ಡ್ಯಾಂಪಿಂಗಿನಲ್ಲಿ ತೂಕವು ಹಿಂದಿರುಗುವ ದಾರಿಯಲ್ಲೇ ತೆವಳುತ್ತದೆ. ಅತ್ತಿತ್ತ ಸ್ವಲ್ಪವೂ ದಾಟಬಾರದು ಎಂಬ ನಿರ್ಬಂಧವಿದ್ದರೆ 1 ಉತ್ತಮ. ಬೇಗ ನೆಲೆಗೊಳ್ಳುವುದೇ ಮುಖ್ಯವಾದರೆ 0.7ರ ಆಸುಪಾಸು ಉತ್ತಮ. ಮುಳ್ಳಿನ ಮೀಟರುಗಳನ್ನೂ ಭೂಕಂಪ ಮಾಪಕಗಳನ್ನೂ 0.7ರ ಸಮೀಪಕ್ಕೆ ಹೊಂದಿಸುವುದರ ಹಿಂದೆ ಈ ವಿಚಾರವೂ ಇದೆ.

ಪ್ರಯೋಗಾಲಯದ ಹೊರಗೆ ಇದೇ ವಿಧಾನ

ಬೇರೆ ವ್ಯವಸ್ಥೆಗಳಲ್ಲಿ ಡ್ಯಾಂಪಿಂಗ್ ಅನುಪಾತದ ಮೌಲ್ಯಗಳು ಎಲ್ಲಿರುತ್ತವೆ ಎಂದು ತಿಳಿದಿದ್ದರೆ ತಮ್ಮ ಉತ್ತರ ಸರಿಯಾದ ನೆಲೆಯಲ್ಲಿದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು. ಉಕ್ಕಿನ ಒಳಗೇ ಆಗುವ ನಷ್ಟ ಬಹಳ ಕಡಿಮೆ, ಅನುಪಾತ ಸಾವಿರದಲ್ಲೊಂದು ಭಾಗ ಅಥವಾ ಅದಕ್ಕೂ ಕೆಳಗೆ. ಬೂದು ಬೀಡುಕಬ್ಬಿಣದಲ್ಲಿ ಗ್ರಾಫೈಟಿನ ತೆಳು ಪದರಗಳಿರುವುದರಿಂದ ನಷ್ಟ ಉಕ್ಕಿನದಕ್ಕಿಂತ ಹಲವು ಪಟ್ಟು ಹೆಚ್ಚು. ಲೇತ್ ಯಂತ್ರಗಳ ಹಾಸನ್ನು ಬೀಡುಕಬ್ಬಿಣದಲ್ಲಿ ಎರಕ ಹೊಯ್ಯುವುದಕ್ಕೆ ಇದೂ ಒಂದು ಕಾರಣ. ಎರಡನ್ನೂ ಸುತ್ತಿಗೆಯಿಂದ ತಟ್ಟಿದರೆ ಉಕ್ಕು ಝಣಗುಟ್ಟುತ್ತದೆ, ಬೀಡು ಮಂಕಾಗಿ ಸದ್ದು ಮಾಡುತ್ತದೆ. ಕಿವಿಗೆ ಕೇಳಿಸುವುದು ಡಿಕ್ರಿಮೆಂಟಿನ ವ್ಯತ್ಯಾಸವೇ. ಕಟ್ಟಡಗಳ ಭೂಕಂಪ ವಿನ್ಯಾಸಕ್ಕೆ ಭಾರತೀಯ ಮಾನಕವಾದ ಐಎಸ್ 1893ರ 2016ರ ಆವೃತ್ತಿಯು ಶೇ 5ರ ಡ್ಯಾಂಪಿಂಗನ್ನು ಆಧಾರವಾಗಿ ತೆಗೆದುಕೊಳ್ಳುತ್ತದೆ. ಕಾರಿನ ಸಸ್ಪೆನ್ಷನ್ ಸಾಮಾನ್ಯವಾಗಿ 0.2ರಿಂದ 0.4ರ ನಡುವೆ ಇರುತ್ತದೆ.

ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡುವ ಗ್ಯಾರೇಜಿನ ಪರೀಕ್ಷೆ ಮುಕ್ತ ಕಂಪನದ ಪ್ರಯೋಗವೇ. ಒಮ್ಮೆ ಮೇಲೆದ್ದು ನೆಲೆಗೊಂಡರೆ ಶಾಕ್ ಅಬ್ಸಾರ್ಬರ್ ಸರಿಯಿದೆ, ಎರಡು ಮೂರು ಸಲ ಕುಣಿದರೆ ಸವೆದಿದೆ ಎಂದು ಮೆಕ್ಯಾನಿಕ್ ಹೇಳುವುದಕ್ಕೆ ಏಳನೆಯ ಹಂತದಲ್ಲಿ ಕೊಟ್ಟ ಶೇಕಡಾವಾರುಗಳೇ ಆಧಾರ. ಡ್ಯಾಶ್‌ಬೋರ್ಡಿಗೆ ಫೋನನ್ನು ಅಂಟಿಸಿ ವೇಗೋತ್ಕರ್ಷವನ್ನು ದಾಖಲಿಸಿದರೆ ಅದಕ್ಕೊಂದು ಸಂಖ್ಯೆಯನ್ನೂ ಕೊಡಬಹುದು. ಆದರೆ ಆ ಸಂಖ್ಯೆಯನ್ನು ಓದುವಾಗ ಮೂರು ತೊಡಕುಗಳು ನೆನಪಿರಬೇಕು. ಶಾಕ್ ಅಬ್ಸಾರ್ಬರನ್ನು ಒತ್ತುವಾಗಿನ ಪ್ರತಿರೋಧಕ್ಕಿಂತ ಹಿಗ್ಗುವಾಗಿನ ಪ್ರತಿರೋಧ ಸಾಮಾನ್ಯವಾಗಿ ಹೆಚ್ಚಿರುವಂತೆ ಅದನ್ನು ವಿನ್ಯಾಸ ಮಾಡಿರುತ್ತಾರೆ, ಹೀಗಾಗಿ ಮೇಲಿನ ಮತ್ತು ಕೆಳಗಿನ ಅರ್ಧ ಆವರ್ತಗಳು ಬೇರೆ ಬೇರೆ ಅನುಪಾತ ತೋರಿಸುತ್ತವೆ. ಬುಷ್ ಮತ್ತು ಸೀಲುಗಳ ಒಣ ಘರ್ಷಣೆ ಅದರೊಂದಿಗೆ ಬೆರೆತಿರುವುದರಿಂದ, ಮೆಲ್ಲಗೆ ಒತ್ತಿದ ಕಾರು ತುಕ್ಕು ಹಿಡಿದ ಬುಷ್‌ಗಳಿಂದಾಗಿಯೇ ಅಲ್ಲಾಡದೆ ನಿಂತು, ಸವೆದ ಶಾಕ್ ಅಬ್ಸಾರ್ಬರನ್ನೂ ಒಳ್ಳೆಯದೆಂದು ತೋರಿಸಬಹುದು. ಅದಕ್ಕಾಗಿ ಬೇರೆ ಬೇರೆ ಬಲದಿಂದ ಒತ್ತಿ, ಸಿಗುವ ಅನುಪಾತ ಒಂದೇ ಆಗಿದೆಯೇ ಎಂದು ನೋಡಬೇಕು. ಒಂದು ಮೂಲೆಯನ್ನು ಒತ್ತಿದಾಗ ವಾಹನ ಮೇಲೆ ಕೆಳಗೆ ಕಂಪಿಸುವುದರ ಜೊತೆಗೆ ಮುಂದಕ್ಕೂ ಪಕ್ಕಕ್ಕೂ ವಾಲುತ್ತದೆ, ಹಾಗಾಗಿ ದಾಖಲೆಯಲ್ಲಿ ಎರಡು ಮೂರು ಆವೃತ್ತಿಗಳು ಕಲಸಿಹೋಗುತ್ತವೆ. ಮುಂಭಾಗದ ಎರಡೂ ಬದಿಗಳನ್ನು ಇಬ್ಬರು ನಿಂತು ಒಟ್ಟಿಗೆ ಒತ್ತಿ ಒಟ್ಟಿಗೆ ಬಿಟ್ಟರೆ ಪಕ್ಕದ ವಾಲಾಟವಾದರೂ ತಪ್ಪುತ್ತದೆ.